ಗುನ್ಪೇ ಯೊಕೊಯಿ: ಒಬ್ಬ ಆಟಿಕೆಗಾರನ ಜೀವನ

ನಮ್ಮ ಕಾಲೇಜಿನ ಈ ವಾರ್ಷಿಕ ಸಂಚಿಕೆಯಲ್ಲಿ ಮಹಾಪುರುಷರ ಚರಿತ್ರೆಗಳು ಒಂದೆರಡಾದರೂ ಬರುವುದು ವಾಡಿಕೆ. ರಾಜ್ಯವನ್ನಾಳಿದವರು, ರಾಜ್ಯವನ್ನು ತೊರೆದವರು, ಕಾವ್ಯ ಬರೆದವರು, ಅಣೆಕಟ್ಟು ಕಟ್ಟಿದವರು, ಇವರೆಲ್ಲರ ಚರಿತ್ರೆಗಳನ್ನು ನನಗಿಂತ ಹಿರಿಯರು ಈಗಾಗಲೇ ಚೆನ್ನಾಗಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಆಟದ ಸಾಮಾನುಗಳನ್ನು ಮಾಡುತ್ತ ಬಾಳಿದ ಜಪಾನಿನ ಒಬ್ಬಾತನನ್ನು ಕುರಿತು. ಇವನೂ ಒಬ್ಬ ಮಹಾಪುರುಷನೇ ಎಂದು ವಾಚಕರು ಕೇಳಬಹುದು. ಆ ತೀರ್ಪನ್ನು ಕೊನೆಯಲ್ಲಿ ಅವರಿಗೇ ಬಿಡುತ್ತೇನೆ. ಆತನಿಂದ ನನಗೊಂದು ಉಪಕಾರವಾಗಿದೆ. ಆ ಋಣದಿಂದ ಬರೆಯುತ್ತಿದ್ದೇನೆ.

ಪಿ.ಯು.ಸಿ.ಯಲ್ಲಿ ನಾನು ವಿಜ್ಞಾನ ಓದಿದವನು. ಎಂಜಿನಿಯರಾಗಬೇಕೆಂಬುದು ನನ್ನ ಆಸೆ. ಮನೆಯವರ ಆಸೆಯೂ ಅದೇ. ಪರೀಕ್ಷೆಯಲ್ಲಿ ಬಂದ ಸ್ಥಾನವು ಸರ್ಕಾರಿ ಸೀಟಿಗೆ ಸಾಲಲಿಲ್ಲ. ಮನೆಯಲ್ಲಿದ್ದ ಹಣವು ಉಳಿದ ಸೀಟುಗಳಿಗೆ ಸಾಲಲಿಲ್ಲ. ಹೀಗೆ ಎರಡು ಕಡೆಯೂ ಸಾಲದೆ ಬಿ.ಎ. ತರಗತಿಗೆ ಬಂದು ಸೇರಿದೆ. ಮೊದಲ ವರ್ಷವೆಲ್ಲ, ಏನು ಓದುತ್ತಿದ್ದೀಯಪ್ಪ ಎಂದು ಯಾರಾದರೂ ವಿಚಾರಿಸಿದರೆ ಮಾತು ಮರೆಸುತ್ತಿದ್ದೆ. ಕಾಲೇಜು ಬಿಟ್ಟು ಮತ್ತೊಮ್ಮೆ ಪರೀಕ್ಷೆಗೆ ಕೂಡುವುದೆಂದು ಒಳಗೊಳಗೇ ನಿಶ್ಚಯಿಸಿಯೂ ಇದ್ದೆ.

ಕಳೆದ ಬೇಸಗೆಯ ರಜದಲ್ಲಿ ನಮ್ಮ ಸೋದರಮಾವನ ರಿಪೇರಿ ಅಂಗಡಿಯಲ್ಲಿ ಕುಳಿತಿದ್ದೆ. ಮಾವನು ಗುಜರಿಯಿಂದ ತೂಕದ ಮೇಲೆ ತಂದ ಹಳೆಯ ಸಾಮಾನಿನ ಪೆಟ್ಟಿಗೆಯಲ್ಲಿ ಬೂದುಬಣ್ಣದ, ಅಂಗೈಯಗಲದ, ಇಟ್ಟಿಗೆಯ ಚೂರಿನಂಥ ಒಂದು ಯಂತ್ರ ಸಿಕ್ಕಿತು. ಅದೇ ಗೇಮ್ ಬಾಯ್. ಒಳಗೆ ಸೆಲ್ಲು ಸೋರಿ ಹಸಿರು ಕಿಲುಬು ಕಟ್ಟಿತ್ತು. ಮಾವನು ನಿಂಬೆಯ ಹೋಳಿನಿಂದ ಉಜ್ಜಿ ತೆಗೆದನು. ಪರದೆಯಲ್ಲಿ ಕೆಲವು ಗೆರೆಗಳು ಮೂಡುತ್ತಿರಲಿಲ್ಲ. ಕಾದ ಸೋಲ್ಡರಿಂಗ್ ಕಡ್ಡಿಯನ್ನು ಪರದೆಯ ಅಂಚಿನ ತೆಳುಪಟ್ಟಿಯ ಮೇಲೆ ನಯವಾಗಿ ಎಳೆದುದೇ ತಡ, ಒಂದೊಂದಾಗಿ ಮೂಡಿಬಂದವು. ಯಂತ್ರದ ಬೆನ್ನಿನಲ್ಲಿ ಸಿಕ್ಕಿಸಿದ್ದ ಆಟದ ಹೆಸರು ಸೋಲಾರ್ ಸ್ಟ್ರೈಕರ್.

ಆಟವನ್ನು ಕಾಣದವರಿಗಾಗಿ ಎರಡು ಮಾತು. ಪರದೆಯ ಕೆಳತುದಿಯಲ್ಲಿ ನಮ್ಮದೊಂದು ಪುಟ್ಟ ಆಕಾಶನೌಕೆ. ಹಿನ್ನೆಲೆಯು ಮೇಲಿನಿಂದ ಕೆಳಕ್ಕೆ ಸರಿಯುತ್ತಿರುವುದರಿಂದ ನಾವೇ ಮೇಲಕ್ಕೆ ಹಾರುತ್ತಿರುವಂತೆ ಭ್ರಮೆಯಾಗುತ್ತದೆ. ಎದುರಿನಿಂದ ಶತ್ರುನೌಕೆಗಳು ಸಾಲುಗಟ್ಟಿ ಬರುತ್ತವೆ. ಎಡ ಹೆಬ್ಬೆರಳಿನಿಂದ ನೌಕೆಯನ್ನು ನಡೆಸುತ್ತ ಬಲ ಹೆಬ್ಬೆರಳಿನಿಂದ ಗುಂಡು ಹಾರಿಸಬೇಕು. ಪಿ ಎಂಬ ಅಕ್ಷರ ಹೊತ್ತ ವಸ್ತುಗಳನ್ನು ಹಿಡಿದುಕೊಂಡರೆ ಒಂಟಿ ಗುಂಡು ಜೋಡಿಯಾಗುತ್ತದೆ, ಮುಂದೆ ಇನ್ನೂ ಬಲಗೊಳ್ಳುತ್ತದೆ. ಒಟ್ಟು 6 ಘಟ್ಟಗಳು. ಪ್ರತಿಯೊಂದರ ಕೊನೆಯಲ್ಲಿಯೂ ದಾರಿಗಡ್ಡವಾಗಿ ಒಬ್ಬ ದೊಡ್ಡ ಶತ್ರು. ನಮಗೆ ಒಂದೇ ಒಂದು ಏಟು ತಗುಲಿದರೂ ನೌಕೆ ಭಸ್ಮ. ಬೇರೆ ಆಯುಧಗಳ ಆಡಂಬರವಿಲ್ಲ. ಕೈಯಲ್ಲಿರುವುದು ಒಂದೇ ಬಂದೂಕು, ಅದನ್ನಿಟ್ಟುಕೊಂಡೇ ಬದುಕಬೇಕು.

ಇಷ್ಟು ಬಡ ಸಾಮಗ್ರಿಯಿಂದ ಇಷ್ಟೊಂದು ಆಟವನ್ನು ಹೊರಡಿಸಿದವರು ಯಾರೆಂದು ಹುಡುಕುತ್ತ ಹೋದಾಗ ನನಗೆ ದೊರೆತ ಹೆಸರೇ ಗುನ್ಪೇ ಯೊಕೊಯಿ.

ಯೊಕೊಯಿಯು 1941ನೆಯ ಇಸವಿ ಸೆಪ್ಟೆಂಬರ್ 10ರಂದು ಕ್ಯೋಟೊ ನಗರದಲ್ಲಿ ಹುಟ್ಟಿದನು. ಅಲ್ಲಿಯ ದೋಶಿಶಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುಚ್ಛಾಸ್ತ್ರವನ್ನು ಓದಿದನು. ಆ ಕಾಲದ ಜಪಾನಿನಲ್ಲಿ ವಿದ್ಯುತ್ ಉಪಕರಣಗಳನ್ನು ಮಾಡುವ ದೊಡ್ಡ ದೊಡ್ಡ ಸಂಸ್ಥೆಗಳು ತಲೆಯೆತ್ತುತ್ತಿದ್ದವು. ಯೊಕೊಯಿಯೂ ಅಂಥವುಗಳಿಗೆ ಅರ್ಜಿ ಹಾಕಿದನು; ಎಲ್ಲಿಯೂ ಆಯ್ಕೆಯಾಗಲಿಲ್ಲ. ಕೊನೆಗೆ 1965ರಲ್ಲಿ ತನ್ನ ಊರಿನಲ್ಲೇ ಇದ್ದ ನಿಂಟೆಂಡೊ ಎಂಬ ಸಂಸ್ಥೆಯನ್ನು ಸೇರಿದನು. ಇಂದು ಆ ಹೆಸರನ್ನು ಕೇಳದ ಮಕ್ಕಳಿಲ್ಲ. ಆಗ ಅದು 1889ರಿಂದ ಹನಾಫುದ ಎಂಬ ಹೂಚಿತ್ರಗಳ ಇಸ್ಪೀಟೆಲೆಗಳನ್ನು ಮಾಡಿ ಮಾರಿಕೊಂಡು ಬಂದಿದ್ದ ಒಂದು ಕಾರ್ಖಾನೆ. ಎಲೆ ಮಾಡುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಈತನ ಕೆಲಸ. ವಿದ್ಯುಚ್ಛಾಸ್ತ್ರದ ಪದವೀಧರನಿಗೆ ಇಸ್ಪೀಟೆಲೆಯ ಯಂತ್ರಕ್ಕೆ ಎಣ್ಣೆ ಬಿಡುವ ಕೆಲಸ! ಈ ಸಾಲನ್ನು ಮೊದಲು ಓದಿದಾಗ ನಾನು ಪುಸ್ತಕವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಯಂತ್ರಗಳು ದಿನವೂ ಕೆಡುವುದಿಲ್ಲವಷ್ಟೆ. ಬಿಡುವಿನ ವೇಳೆಯಲ್ಲಿ ಯೊಕೊಯಿಯು ತನ್ನ ವಿನೋದಕ್ಕಾಗಿ ಕತ್ತರಿಯಂತೆ ಹೆಣೆದ ಪಟ್ಟಿಗಳ ಒಂದು ಕೈಯನ್ನು ಮಾಡಿಕೊಂಡನು. ಹಿಡಿಗಳನ್ನು ಒತ್ತಿದರೆ ಅದು ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುವುದು, ಬಿಡಿಸಿದರೆ ಮುದುರಿಕೊಳ್ಳುವುದು. ಒಂದು ದಿನ ಅಧ್ಯಕ್ಷನಾದ ಹಿರೋಶಿ ಯಮಾವುಚಿಯ ಕಣ್ಣಿಗೆ ಅದು ಬಿದ್ದಿತು. ಕರೆ ಬಂದಾಗ, ಕೆಲಸದ ವೇಳೆಯಲ್ಲಿ ಆಟವಾಡಿದ್ದಕ್ಕೆ ಶಿಕ್ಷೆ ಕಾದಿದೆಯೆಂದೇ ಯೊಕೊಯಿ ಭಾವಿಸಿದ್ದನು. ಆದರೆ ಯಮಾವುಚಿಯು ಅದನ್ನು ಮಾರುವ ಸರಕಾಗಿ ಮಾಡೆಂದು ಅಪ್ಪಣೆ ಕೊಟ್ಟನು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಹೊರಬಿದ್ದ ಆ ಆಟಿಕೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಎಣ್ಣೆ ಬಿಡುವವನು ಅಂದಿನಿಂದ ಆಟಿಕೆಗಾರನಾದನು.

ಮುಂದಿನ ವರ್ಷಗಳಲ್ಲಿ ಆತನ ಕೈಯಿಂದ ಬಗೆಬಗೆಯ ಆಟಿಕೆಗಳು ಬಂದವು. 1969ರದು ಲವ್ ಟೆಸ್ಟರ್. ಒಬ್ಬ ಹುಡುಗ ಒಬ್ಬ ಹುಡುಗಿ ಪರಸ್ಪರ ಕೈ ಹಿಡಿದು, ಉಳಿದ ಕೈಗಳಲ್ಲಿ ಒಂದೊಂದು ಲೋಹದ ಗುಂಡನ್ನು ಹಿಡಿದರೆ, ಅವರ ಮೈಯೊಳಗೆ ಹಾಯುವ ಅತ್ಯಲ್ಪ ವಿದ್ಯುತ್ತನ್ನು ಅಳೆದು ಮುಳ್ಳು ಅವರ ಪ್ರೇಮವನ್ನು ತೋರಿಸುವುದು. ಮುಳ್ಳಿಗೆ ಪ್ರೇಮ ತಿಳಿಯದು. ಅಂಗೈಯ ಬೆವರು ಮಾತ್ರ ತಿಳಿಯುವುದು. ಕೈ ಹಿಡಿಯಲು ಒಂದು ನೆಪವಾಯಿತಷ್ಟೆ. 1970ರಲ್ಲಿ ಬೆಳಕಿನ ಬಂದೂಕು ಬಂದಿತು. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯಲೆಂದು ಮಾಡಿದ ಸೌರಕೋಶವನ್ನು ಗುರಿಹಲಗೆಯಲ್ಲಿಟ್ಟು, ಬಂದೂಕಿನ ಬೆಳಕು ಅದರ ಮೇಲೆ ಬಿದ್ದಾಗ ಗುರಿ ತಗುಲಿತೆಂದು ಲೆಕ್ಕ ಹಾಕುವಂತೆ ಮಾಡಿದನು. ಈ ಉಪಾಯವನ್ನೇ ಹಿಗ್ಗಿಸಿ 1973ರಲ್ಲಿ ಖಾಲಿ ಬಿದ್ದ ಬೌಲಿಂಗ್ ಅಂಗಣಗಳನ್ನು ಬೆಳಕಿನ ಬೇಟೆಯ ಅಂಗಣಗಳಾಗಿ ಮಾರ್ಪಡಿಸುವ ಕಾರ್ಯವನ್ನು ಕೈಗೊಂಡರು. ಅದೇ ವರ್ಷ ಪೆಟ್ರೋಲಿನ ಬಿಕ್ಕಟ್ಟು ಬಂದು ಜನರ ಕೈ ಬಿಗಿಯಾಯಿತು, ಬೇಡಿಕೆಗಳು ರದ್ದಾದವು, ಸಂಸ್ಥೆ ಸಾಲದಲ್ಲಿ ಸಿಲುಕಿತು. ಒಳ್ಳೆಯ ಉಪಾಯಕ್ಕೂ ಕೆಟ್ಟ ಕಾಲ ಬರುವುದುಂಟೆಂಬುದನ್ನು ಯೊಕೊಯಿ ಅಲ್ಲಿ ಕಂಡನು.

ಆತನ ಬಾಳಿನ ತಿರುವು ಬಂದುದು ರೈಲಿನಲ್ಲಿ. ಒಮ್ಮೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಪಯಣಿಸುತ್ತಿದ್ದಾಗ, ಬೇಸರಗೊಂಡ ಸಹಪ್ರಯಾಣಿಕನೊಬ್ಬನು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕಾಲ ಕಳೆಯುವುದನ್ನು ಕಂಡನು. ದೊಡ್ಡವರೂ ಅಂಗೈಯಲ್ಲಿ ಮರೆಮಾಡಿಕೊಂಡು ಆಡಬಹುದಾದ ಆಟವೊಂದಿದ್ದರೆ! ಆ ಆಲೋಚನೆ ತಲೆಯಲ್ಲೇ ಉಳಿಯಿತು. ಕೆಲವು ಕಾಲದ ಮೇಲೆ ಯಮಾವುಚಿಯ ಕಾರಿನ ಚಾಲಕನು ಕಾಯಿಲೆ ಮಲಗಿದನು. ಎಡಗಡೆ ಚಕ್ರವಿದ್ದ ಆ ವಿದೇಶೀ ಕಾರನ್ನು ನಡೆಸಬಲ್ಲವರು ಬೇರೆ ಯಾರೂ ಇಲ್ಲದೆ ಯೊಕೊಯಿಯೇ ಅಧ್ಯಕ್ಷನನ್ನು ಓಸಾಕಾಕ್ಕೆ ಕರೆದೊಯ್ಯಬೇಕಾಯಿತು. ದಾರಿಯಲ್ಲಿ ಏನಾದರೂ ಮಾತಾಡಬೇಕಲ್ಲವೇ? ಈ ವಿಚಾರವನ್ನು ಹೇಳಿದನು. ಯಮಾವುಚಿಯು ಕೇಳಿದಂತೆಯೂ ಕಾಣಲಿಲ್ಲ. ಆದರೆ ಆ ದಿನದ ಸಭೆಯಲ್ಲಿ ಅವನ ಪಕ್ಕದಲ್ಲಿ ಕುಳಿತವನು ಕ್ಯಾಲ್ಕುಲೇಟರು ಮಾಡುವ ಶಾರ್ಪ್ ಸಂಸ್ಥೆಯ ಅಧ್ಯಕ್ಷ. ಒಂದು ವಾರದಲ್ಲಿ ಶಾರ್ಪಿನವರೇ ನಿಂಟೆಂಡೊವಿನ ಬಾಗಿಲಿಗೆ ಬಂದರು.

ಹೀಗೆ 1980ರ ಏಪ್ರಿಲಿನಲ್ಲಿ ಗೇಮ್ ಅಂಡ್ ವಾಚ್ ಹುಟ್ಟಿತು. ಕ್ಯಾಲ್ಕುಲೇಟರಿನ ಪರದೆ, ಕ್ಯಾಲ್ಕುಲೇಟರಿನ ಗುಂಡಿ ಸೆಲ್ಲು. ಅಂಕಿಗಳ ಬದಲಿಗೆ ಗೊಂಬೆಗಳು. ಈ ಸಾಲಿನ ಆಟಗಳೆಲ್ಲ ಸೇರಿ 4 ಕೋಟಿ 34 ಲಕ್ಷ ಮಾರಾಟವಾದವು. 1982ರಲ್ಲಿ ಇದೇ ಸಾಲಿನ ಡಾಂಕಿ ಕಾಂಗ್ ಆಟಕ್ಕಾಗಿ ಯೊಕೊಯಿಯು ಇನ್ನೊಂದು ಉಪಾಯ ಮಾಡಿದನು. ಮಡಿಸುವ ಯಂತ್ರದಲ್ಲಿ ಮೇಲಕ್ಕೆ ಚಾಚಿದ ಹಿಡಿಕೋಲಿಗೆ ಎಡೆಯಿಲ್ಲ. ಆದ್ದರಿಂದ ಕೂಡುವ ಗುರುತಿನಾಕಾರದ ಚಪ್ಪಟೆ ಗುಂಡಿಯೊಂದನ್ನಿಟ್ಟನು. ಕಣ್ಣಿಟ್ಟು ನೋಡದೆಯೇ ಒಂದು ಹೆಬ್ಬೆರಳು ನಾಲ್ಕು ದಿಕ್ಕನ್ನೂ ಅರಿಯುತ್ತದೆ. ಮುಂದೆ ಆಟದ ಯಂತ್ರ ಮಾಡಿದವರೆಲ್ಲರೂ ಒಂದಲ್ಲ ಒಂದು ರೂಪದಲ್ಲಿ ಇದನ್ನು ಅನುಸರಿಸಿದರು. ನನ್ನ ಎಡ ಹೆಬ್ಬೆರಳಿನಡಿಯಲ್ಲಿ ನೌಕೆಯನ್ನು ನಡೆಸುವುದೂ ಇದೇ ಗುಂಡಿ.

ಯೊಕೊಯಿಗೆ ಒಂದು ಸೂತ್ರವಿದ್ದಿತು. ಹೊಸದಾಗಿ ಚಿಗುರಿದ ತಂತ್ರವಿದ್ಯೆಯ ಹಿಂದೆ ಆತನು ಓಡುತ್ತಿರಲಿಲ್ಲ. ಎಲ್ಲರಿಗೂ ತಿಳಿದು, ಬೆಲೆಯಿಳಿದು, ಬಾಡಿಹೋದುದೆಂದು ಜನರು ಬದಿಗಿಟ್ಟ ವಿದ್ಯೆಯನ್ನೇ ಎತ್ತಿಕೊಂಡು, ಅದನ್ನು ಅಡ್ಡದಾರಿಯಿಂದ ಆಲೋಚಿಸಿ, ಯಾರೂ ನೆನೆಯದ ಉಪಯೋಗಕ್ಕೆ ಹಚ್ಚುತ್ತಿದ್ದನು. ನಮ್ಮ ಅಜ್ಜಿಯಂದಿರು ಹರಿದ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದುದೂ ಇದೇ ವಿದ್ಯೆ. ಹೊಸ ಬಟ್ಟೆಯ ಕೌದಿ ಮೈಗೆ ಅಷ್ಟು ಹಿತವಾಗದು.

ಈ ಸೂತ್ರದ ದೊಡ್ಡ ಪರೀಕ್ಷೆಯೇ ಗೇಮ್ ಬಾಯ್. ಸತೋರು ಒಕಾದ ಮೊದಲಾದ ಸಹೋದ್ಯೋಗಿಗಳೊಡನೆ ದುಡಿದು, 1989ರ ಏಪ್ರಿಲ್ 21ರಂದು 12,500 ಯೆನ್ ಬೆಲೆಗೆ ಹೊರತಂದರು. ಪರದೆಗೆ ಬಣ್ಣವಿಲ್ಲ, ಹಸಿರುಬೂದಿಯ 4 ಛಾಯೆಗಳು ಮಾತ್ರ. ಹಿಂದಿನಿಂದ ಬೆಳಕೂ ಇಲ್ಲ. ಅದೇ ವರ್ಷ ಅಟಾರಿ ಸಂಸ್ಥೆಯು ಲಿಂಕ್ಸ್ ಎಂಬ ಬಣ್ಣದ ಯಂತ್ರವನ್ನೂ, ಮರುವರ್ಷ ಸೇಗಾ ಸಂಸ್ಥೆಯು ಗೇಮ್ ಗಿಯರ್ ಎಂಬುದನ್ನೂ ತಂದವು. ಎದುರಾಳಿಯ ಯಂತ್ರದ ಸುದ್ದಿ ಬಂದಾಗ ಯೊಕೊಯಿಯು ಅದು ಬಣ್ಣದ್ದೇ ಎಂದು ವಿಚಾರಿಸಿ, ಹೌದೆಂದು ತಿಳಿದ ಮೇಲೆ ನಿಶ್ಚಿಂತನಾದನಂತೆ. ಏಕೆಂದರೆ ಆ ಯಂತ್ರಗಳು 6 ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿದ್ದವು. ಗೇಮ್ ಬಾಯ್ 4 ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿದ್ದಿತು. ಕರಿಹಲಗೆಯ ಮೇಲೆ ಹಿಮದ ಬೊಂಬೆಯನ್ನು ಬರೆದರೆ ನೋಡುವವರ ಮನಸ್ಸೇ ಅದಕ್ಕೆ ಬಿಳುಪನ್ನು ತುಂಬುತ್ತದೆ, ಬಣ್ಣವನ್ನು ಆಡುವವನ ಕಲ್ಪನೆಗೆ ಬಿಡಬಹುದು ಎಂಬುದು ಆತನ ವಾದ. ಅಮೆರಿಕದಲ್ಲಿ ಟೆಟ್ರಿಸ್ ಎಂಬ ರಷ್ಯನ್ ಆಟವನ್ನು ಯಂತ್ರದ ಜತೆಗೇ ಕೊಟ್ಟುದರಿಂದ ಹಿರಿಯರೂ ಕೊಂಡರು. ಮುಂದೆ ಬಂದ ಬಣ್ಣದ ಗೇಮ್ ಬಾಯ್ ಅನ್ನೂ ಸೇರಿಸಿ ಲೋಕದಲ್ಲಿ ಮಾರಾಟವಾದುದು 11 ಕೋಟಿ 86 ಲಕ್ಷಕ್ಕೂ ಹೆಚ್ಚು. 1993ರಲ್ಲಿ ರಷ್ಯದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೋವ್ ಒಂದನ್ನು ಮೀರ್ ನಿಲ್ದಾಣಕ್ಕೂ ಕೊಂಡೊಯ್ದನು. ಹೀಗೆ ಆಕಾಶನೌಕೆಯ ಆಟವಾಡಿಸುವ ಯಂತ್ರವೇ ನಿಜವಾದ ಆಕಾಶನೌಕೆಯನ್ನೇರಿತು.

ಸೋಲಾರ್ ಸ್ಟ್ರೈಕರ್ ಬಂದುದು 1990ರ ಜನವರಿಯಲ್ಲಿ, ಯೊಕೊಯಿಯ ಮೇಲ್ವಿಚಾರಣೆಯಲ್ಲಿ. ಈ ಬಗೆಯ ಆಟಗಳು ಆಟದಂಗಡಿಗಳಲ್ಲಿ ಆಗಲೇ ಹಳೆಯವಾಗಿದ್ದವು. ಅಲ್ಲಿ ಪರದೆಯನ್ನು ಎತ್ತರವಾಗಿ ನಿಲ್ಲಿಸುತ್ತಿದ್ದರು. ಮೇಲಿನಿಂದಿಳಿಯುವ ಶತ್ರುವನ್ನು ದೂರದಿಂದಲೇ ಕಾಣಬಹುದಿತ್ತು. ಗೇಮ್ ಬಾಯ್ ಪರದೆಯಾದರೋ 160 ಚುಕ್ಕಿ ಅಗಲ, 144 ಚುಕ್ಕಿ ಎತ್ತರ. ಎತ್ತರಕ್ಕಿಂತ ಅಗಲವೇ ಹೆಚ್ಚಾದ್ದರಿಂದ ಶತ್ರು ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ದಾರಿ ಬಂದೇಬಿಟ್ಟಿರುತ್ತದೆ. ಓಡಾಡುವ ಗೊಂಬೆಗಳು ಒಟ್ಟಿಗೆ 40ಕ್ಕಿಂತ ಹೆಚ್ಚಿರಲಾರವು; ಒಂದು ಅಡ್ಡಗೆರೆಯಲ್ಲಿ 10ಕ್ಕಿಂತ ಹೆಚ್ಚು ಕಾಣಲಾರವು. ವೇಗವಾಗಿ ಚಲಿಸಿದುದೆಲ್ಲವೂ ಪರದೆಯ ಮೇಲೆ ಮಸುಕು ನೆರಳನ್ನು ಬಿಟ್ಟುಹೋಗುತ್ತದೆ. ಆದರೆ ಒಂದು ಅನುಕೂಲವುಂಟು. ಹಿನ್ನೆಲೆಯ ಚಿತ್ರವನ್ನು ಯಂತ್ರವು 256 ಚುಕ್ಕಿಗಳ ಚೌಕದಲ್ಲಿ ಬರೆದಿಟ್ಟುಕೊಂಡು, ಪರದೆಯಷ್ಟು ಭಾಗವನ್ನು ಮಾತ್ರ ತೋರಿಸುತ್ತದೆ. ಒಂದೇ ಒಂದು ಸಂಖ್ಯೆಯನ್ನು ಬದಲಿಸಿದರೆ ಸಾಕು, ಕಿಟಕಿಯ ಹಿಂದೆ ಸೀರೆಯನ್ನು ಮೆಲ್ಲನೆ ಕೆಳಕ್ಕೆಳೆದಂತೆ ಚಿತ್ರವೆಲ್ಲವೂ ಸರಿಯುತ್ತದೆ. ಕಣ್ಣಿಗೆ ಕಾಣದ ಅಂಚಿನಲ್ಲಿ ಹೊಸ ಸಾಲನ್ನು ಬರೆಯುತ್ತ ಹೋದರೆ ಆಕಾಶಕ್ಕೆ ಕೊನೆಯೇ ಇಲ್ಲ.

ಆದುದರಿಂದಲೇ ಈ ಆಟದಲ್ಲಿ ಗುಂಡಿನ ಮಳೆಯಿಲ್ಲ, ಅಂದಚಂದದ ಆರ್ಭಟವಿಲ್ಲ ಎಂದು ನನ್ನ ಊಹೆ. ಶತ್ರುಗಳು ಎಣಿಸಿದಷ್ಟು, ಅವರು ಬರುವ ದಾರಿಗೂ ಒಂದು ಕ್ರಮ. ಸೋಲುತ್ತ ಸೋಲುತ್ತ ಆ ಕ್ರಮವನ್ನು ಕಲಿತುಕೊಳ್ಳಬೇಕು. ಮೊದಲ ವಾರ ನಾನು ಯಂತ್ರವನ್ನೇ ಬೈದೆ. ಎರಡನೆಯ ವಾರದಲ್ಲಿ, ಸತ್ತದ್ದೆಲ್ಲವೂ ನಾನು ನಿಂತ ಜಾಗದ ತಪ್ಪಿನಿಂದಲೇ ಎಂದು ತಿಳಿಯಿತು. ಪರದೆ ಚಿಕ್ಕದೆಂದು ದೂರುತ್ತಿದ್ದವನು, ಆ ಚಿಕ್ಕ ಪರದೆಯಲ್ಲಿ ನಿಲ್ಲಬೇಕಾದ ಜಾಗವನ್ನು ಹುಡುಕಲಾರಂಭಿಸಿದೆ.

ಇಲ್ಲಿಗೇ ಚರಿತ್ರೆಯನ್ನು ಮುಗಿಸಿದ್ದರೆ ಸೊಗಸಾಗಿರುತ್ತಿತ್ತು. ಆದರೆ ಅದು ಪೂರ್ತಿ ಸತ್ಯವಾಗುತ್ತಿರಲಿಲ್ಲ. 1995ರಲ್ಲಿ ಯೊಕೊಯಿಯು ವರ್ಚುಯಲ್ ಬಾಯ್ ಎಂಬ ಯಂತ್ರವನ್ನು ಹೊರತಂದನು. ಮೇಜಿನ ಮೇಲೆ ನಿಲ್ಲಿಸಿದ ಪೆಟ್ಟಿಗೆಯೊಳಗೆ ಮುಖವಿಟ್ಟು ನೋಡಿದರೆ ಕಪ್ಪಿನಲ್ಲಿ ಕೆಂಪು ಚಿತ್ರಗಳು ಆಳವಾಗಿ ಕಾಣುವುವು. ಕೆಂಪು ದೀಪಗಳ ಒಂದು ಸಾಲನ್ನು ಅಲುಗುವ ಕನ್ನಡಿಯಿಂದ ಹರಡಿ ಚಿತ್ರ ಮಾಡುವ ಆ ವಿದ್ಯೆ ಹೊಸದು. ಆಡಿದವರು ಕಣ್ಣುನೋವು ತಲೆನೋವುಗಳ ದೂರು ತಂದರು. ಸುಮಾರು 7 ಲಕ್ಷ 70 ಸಾವಿರ ಮಾತ್ರ ಮಾರಿ, ವರ್ಷ ತುಂಬುವ ಮೊದಲೇ ಅದನ್ನು ನಿಲ್ಲಿಸಬೇಕಾಯಿತು. ಬಾಡಿದ ವಿದ್ಯೆಯ ಗುರುವು ಹಸಿ ವಿದ್ಯೆಗೆ ಕೈಯಿಟ್ಟು ಸೋತನೆಂದು ನನಗೆ ತೋರುತ್ತದೆ. ತನ್ನ ಸೂತ್ರವನ್ನು ತಾನೇ ಮರೆಯುವುದು ದೊಡ್ಡವರಿಗೂ ತಪ್ಪಿದ್ದಲ್ಲ.

1996ರ ಆಗಸ್ಟಿನಲ್ಲಿ, 31 ವರ್ಷಗಳ ಸೇವೆಯ ಬಳಿಕ, ಯೊಕೊಯಿಯು ನಿಂಟೆಂಡೊವನ್ನು ಬಿಟ್ಟನು. ಸೋಲಿನ ಹೊಣೆ ಹೊತ್ತು ಹೊರಬಿದ್ದನೆಂದು ಪತ್ರಿಕೆಗಳು ಬರೆದವು. ಆತನು ಅದನ್ನು ಒಪ್ಪಲಿಲ್ಲ. ಸ್ವತಂತ್ರವಾಗಿ ದುಡಿಯಬೇಕೆಂಬುದು ತನ್ನ ಬಹುದಿನದ ಬಯಕೆಯೆಂದು ತಿಳಿಸಿದನು. ಕ್ಯೋಟೊದಲ್ಲಿಯೇ ಕೋಟೊ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿ, ಬಂದಾಯ್ ಸಂಸ್ಥೆಗಾಗಿ ಮತ್ತೊಂದು ಅಂಗೈಯ ಯಂತ್ರದ ಕೆಲಸಕ್ಕೆ ತೊಡಗಿದನು. ಮತ್ತೆ ಬಣ್ಣವಿಲ್ಲದ ಪರದೆ. ಈ ಸಲ ಒಂದೇ ಒಂದು ಸೆಲ್ಲು. ಸೋತವನು ತನ್ನ ಸೂತ್ರಕ್ಕೆ ಮರಳಿದ್ದನು.

ಆ ಯಂತ್ರವನ್ನು ಆತನು ಕಾಣಲಿಲ್ಲ. 1997ರ ಅಕ್ಟೋಬರ್ 4ರಂದು ಇಷಿಕಾವಾ ಪ್ರಾಂತದ ಹೆದ್ದಾರಿಯಲ್ಲಿ ಆತನಿದ್ದ ಕಾರು ಮುಂದಿನ ವಾಹನಕ್ಕೆ ತಗುಲಿತು. ಏನಾಯಿತೆಂದು ನೋಡಲು ಕೆಳಗಿಳಿದಾಗ ಹಿಂದಿನಿಂದ ಬಂದ ಇನ್ನೊಂದು ವಾಹನವು ಹೊಡೆಯಿತು. ಆಗ ವಯಸ್ಸು 56. ವಂಡರ್‌ಸ್ವಾನ್ ಎಂಬ ಆ ಯಂತ್ರವು 1999ರ ಮಾರ್ಚಿಯಲ್ಲಿ ಹೊರಬಂದಿತು. ಅದರ ಜತೆಯಲ್ಲಿ ಬಂದ ಒಂದು ಆಟಕ್ಕೆ ಗುನ್ಪೇ ಎಂದೇ ಹೆಸರಿಟ್ಟಿದ್ದರು.

ಯೊಕೊಯಿಯು ಯುದ್ಧ ಗೆಲ್ಲಲಿಲ್ಲ, ರೋಗಕ್ಕೆ ಮದ್ದು ಹುಡುಕಲಿಲ್ಲ. ಕೆಲಸ ಸಿಕ್ಕದೆ ಇಸ್ಪೀಟೆಲೆಯ ಕಾರ್ಖಾನೆಗೆ ಹೋದವನು, ಅಲ್ಲಿ ಕೈಗೆ ಸಿಕ್ಕಿದ್ದರಿಂದಲೇ ಏನಾದೀತೆಂದು ನೋಡಿದನು. ನಾನು ಕಾಲೇಜು ಬಿಡಲಿಲ್ಲ. ಈಗ ಎರಡನೆಯ ವರ್ಷದ ಬಿ.ಎ., ಐಚ್ಛಿಕ ವಿಷಯ ಇತಿಹಾಸ. ಯಾರಾದರೂ ಕೇಳಿದರೆ ಹಾಗೆಂದೇ ಹೇಳುತ್ತೇನೆ. ಭಾನುವಾರಗಳಂದು ಮಾವನ ಅಂಗಡಿಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿಯುವುದನ್ನು ಕಲಿಯುತ್ತಿದ್ದೇನೆ. ಇತಿಹಾಸಕ್ಕೂ ಸೋಲ್ಡರಿಂಗ್ ಕಡ್ಡಿಗೂ ಏನು ಸಂಬಂಧವೆಂದು ಮಾವನು ನಗುತ್ತಾನೆ. ಅದನ್ನು ನಾನಿನ್ನೂ ಆಲೋಚಿಸುತ್ತಿದ್ದೇನೆ.

ಸೋಲಾರ್ ಸ್ಟ್ರೈಕರಿನಲ್ಲಿ ನಾಲ್ಕನೆಯ ಘಟ್ಟದವರೆಗೆ ಹೋಗಿದ್ದೇನೆ. ಇನ್ನೆರಡು ಉಳಿದಿವೆ. ಸೆಲ್ಲುಗಳಲ್ಲಿ ಇನ್ನೂ ಕಸುವಿದೆ.